ಒಂದೇ ಸೀರೆ, ಎರಡು ನ್ಯಾಯ

ಬನದ ಹುಣ್ಣಿಮೆಯ ರಾತ್ರಿ ಸವದತ್ತಿ ಯಲ್ಲಮ್ಮನ ಗುಡ್ಡದ ಮೇಲೆ ಒಮ್ಮೆಯಾದರೂ ತಂಗಿದವರಿಗೆ ಈ ನೋಟ ಹೊಸದಲ್ಲ. ಹಗಲೆಲ್ಲ ಪಡ್ಡಲಿಗೆ ತುಂಬಿಸಿ, ಎಡೆ ಹಿಡಿದು ಕೈಕಾಲು ಸೋತ ರೈತರು, ಕೂಲಿಕಾರರು ಬಿಚ್ಚಿದ ಚಕ್ಕಡಿಗಳ ನಡುವೆ ಒಲೆ ಹೂಡಿ ಕುಳಿತಿರುತ್ತಾರೆ. ಅಷ್ಟರಲ್ಲಿ ಎಲ್ಲಿಂದಲೋ ಚೌಡಿಕೆಯ ತಂತಿ ಮಿಡಿಯುತ್ತದೆ, ತಾಳ ಕೂಡುತ್ತದೆ. ಹಣೆ ತುಂಬ ಭಂಡಾರ ಬಳಿದುಕೊಂಡ ಜೋಗಪ್ಪನೊಬ್ಬ ಹಸಿರು ಸೀರೆಯ ನಿರಿಗೆ ಸರಿಪಡಿಸಿಕೊಂಡು, ತಲೆಯ ಮೇಲೆ ಕೊಡ ಹೊತ್ತು ಕುಣಿಯತೊಡಗುತ್ತಾನೆ. ಕೈ ಮುಟ್ಟದೆ ಕೊಡ ನಿಲ್ಲುತ್ತದೆ. ದೇಹ ಬಾಗಿದರೂ ಅದು ಬೀಳುವುದಿಲ್ಲ. ಸುತ್ತಲಿನ ಜನ ಊಟ ಮರೆಯುತ್ತಾರೆ. ‘ಉಧೋ ಉಧೋ’ ಎಂಬ ಕೂಗು ಗುಡ್ಡದ ಮೇಲೆ ಏಳುತ್ತದೆ.

ಬೆಳಗಾದ ಮೇಲೆ ಅದೇ ಜೋಗಪ್ಪ ಪೇಟೆಯ ಚಹದ ಅಂಗಡಿಯ ಮುಂದೆ ನಿಂತರೆ, ರಾತ್ರಿ ಕೈಮುಗಿದವರೇ ಕಣ್ಣು ಮಿಟುಕಿಸಿ ನಗುತ್ತಾರೆ. ನಾಲ್ಕು ಅಕ್ಷರ ಕಲಿತವರು, ‘ಇದೂ ಒಂದು ಕಲೆಯೇ? ಅಸಭ್ಯ, ಅನಾಗರಿಕ’ ಎಂದು ಮುಖ ತಿರುಗಿಸುತ್ತಾರೆ. ಈ ಸಭ್ಯತೆ ಯಾರದು, ಅದರ ಅಳತೆಗೋಲು ಯಾರ ಕೈಯಲ್ಲಿದೆ ಎಂಬುದನ್ನು ಇಂದು ನಾವು ವಿಚಾರಿಸಬೇಕಾಗಿದೆ.

ದೂರ ಹೋಗುವುದು ಬೇಡ. ಮರಾಠಿ ಸಂಗೀತ ನಾಟಕಕ್ಕೆ ಅಡಿಗಲ್ಲು ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು 1843ರಲ್ಲಿ, ನಮ್ಮ ಭಾಗದ ಗುರ್ಲಹೊಸೂರಿನಲ್ಲಿ. ಅವರ ಹೆಸರಿನ ಕಂಪನಿಯಲ್ಲಿಯೇ ಬಾಲಗಂಧರ್ವರು ಸ್ತ್ರೀ ಪಾತ್ರ ಮಾಡಿ ಬೆಳೆದರು. ಗಂಡಸೊಬ್ಬ ಸೀರೆ ಉಟ್ಟು, ಹೂ ಮುಡಿದು, ಹೆಣ್ಣಿನ ದನಿಯಲ್ಲಿ ಹಾಡಿದರೆ ಸರದಾರರೂ ವಕೀಲರೂ ದುಡ್ಡು ಕೊಟ್ಟು ಮುಂದಿನ ಸಾಲಿನಲ್ಲಿ ಕುಳಿತರು. ಅವರು ಸೀರೆ ಉಟ್ಟ ಬಗೆಯನ್ನು ಮನೆತನಸ್ಥ ಹೆಣ್ಣುಮಕ್ಕಳೇ ಅನುಕರಿಸಿದರು. 1964ರಲ್ಲಿ ಸರಕಾರ ಅವರಿಗೆ ಪದ್ಮಭೂಷಣ ಕೊಟ್ಟಿತು. ಸವದತ್ತಿ ತಾಲೂಕಿನ ಏಣಗಿಯ ಬಾಳಪ್ಪನವರೂ ಎಳೆಯ ವಯಸ್ಸಿನಲ್ಲಿ ಸ್ತ್ರೀ ಪಾತ್ರಗಳಿಂದಲೇ ಹೆಸರಾದರು; ನೂರು ವರ್ಷ ಮೀರಿ ಬಾಳಿ 2017ರಲ್ಲಿ ತೀರಿಕೊಂಡಾಗ ನಾಡೆಲ್ಲ ಕಣ್ಣೀರಿಟ್ಟಿತು. ಇದೆಲ್ಲ ನ್ಯಾಯವೇ, ಆ ಕಲಾವಿದರ ದುಡಿಮೆಗೆ ನಮ್ಮ ನಮಸ್ಕಾರ ಮೊದಲು.

ಆದರೆ ಅದೇ ಸೀರೆ ಗುಡ್ಡದ ಮೇಲೆ ಏಕೆ ಅಸಭ್ಯವಾಯಿತು? ಅಲ್ಲಿ ಟಿಕೀಟು ಇತ್ತು, ಇಲ್ಲಿ ಇಲ್ಲ. ಅಲ್ಲಿ ಕುರ್ಚಿಯಿತ್ತು, ಇಲ್ಲಿ ಬರಿ ನೆಲ. ಇದು ಒಂದು ಕಾರಣ. ಇನ್ನೊಂದು ಇದಕ್ಕಿಂತ ಆಳವಾದದ್ದು. ರಂಗದ ನಟ ಪರದೆ ಬಿದ್ದ ಮೇಲೆ ಸೀರೆ ಕಳಚಿಟ್ಟು, ಗಂಡಸಾಗಿ ಮನೆಗೆ ಹೋಗುತ್ತಾನೆ. ಜೋಗಪ್ಪ ಸೀರೆ ಕಳಚುವುದಿಲ್ಲ. ಅವನಿಗೆ, ಅಥವಾ ಅವಳಿಗೆ, ಅದು ಪಾತ್ರವಲ್ಲ, ಬದುಕು. ಬೆಳಗಾಗುವುದರೊಳಗೆ ಮುಗಿಯುವ ಹೆಣ್ತನವನ್ನು ಸಭ್ಯಗೃಹಸ್ಥರು ಮೆಚ್ಚಬಲ್ಲರು. ಬೆಳಗಾದ ಮೇಲೂ ಉಳಿಯುವ ಹೆಣ್ತನವನ್ನು ಅವರು ತಾಳಲಾರರು. 2015ರಲ್ಲಿ ‘ನಾನು ಅವನಲ್ಲ ಅವಳು’ ಚಿತ್ರದ ಪಾತ್ರಕ್ಕಾಗಿ ಸಂಚಾರಿ ವಿಜಯರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ನಾವೂ ಸಂತೋಷಪಟ್ಟೆವು. ಆದರೆ ಆ ಚಿತ್ರಕ್ಕೆ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನ ತಮ್ಮ ಮನೆಯ ಒಂದು ಖೋಲಿಯನ್ನು ಅಂಥವರಿಗೆ ಬಾಡಿಗೆಗೆ ಕೊಟ್ಟಾರು?

ಜನರ ಅಭಿರುಚಿ ಕೆಟ್ಟದ್ದು ಎಂಬ ಮಾತನ್ನು ನಾವು ಹಿಂದೆಯೂ ಕೇಳಿದ್ದೇವೆ. ಬೈಲಹೊಂಗಲದ ಸಂಗ್ಯಾ-ಬಾಳ್ಯಾರ ಕಥೆಯನ್ನು ಪತ್ತಾರ ಮಾಸ್ತರರು ಸಣ್ಣಾಟವಾಗಿ ಬರೆದರು. ಹಾದರದ ಆಟ, ಮನೆತನಸ್ಥರು ನೋಡತಕ್ಕದ್ದಲ್ಲ ಎಂದು ದೊಡ್ಡವರು ಮೂಗು ಮುರಿದರು. ಅದನ್ನು ಉಳಿಸಿದವರು ಯಾರು? ಪಟ್ಟಿ ಎತ್ತಿ, ಹಲಗೆ ಕಟ್ಟಿ, ಬೆಳತನಕ ಕಣ್ಣು ಮುಚ್ಚದೆ ಕುಳಿತ ಒಕ್ಕಲಿಗರು, ಆಳುಮಕ್ಕಳು. ಇಂದು ಅದೇ ಆಟವನ್ನು ಪಂಡಿತರು ಅಭ್ಯಸಿಸುತ್ತಾರೆ, ಪಟ್ಟಣದ ಹವ್ಯಾಸಿ ತಂಡಗಳು ಆಡುತ್ತವೆ. ಆಟ ಬದಲಾಗಲಿಲ್ಲ, ನೋಡುವವರ ಅಂತಸ್ತು ಬದಲಾಯಿತು.

ಹಾಗೆಂದು ಬಡವರ ಅಭಿರುಚಿಯೆಲ್ಲ ಬಂಗಾರ ಎಂದು ನಾವು ಹೇಳುವುದಿಲ್ಲ. ಜೋಗಪ್ಪನ ಸೆರಗು ಜಗ್ಗುವ ಕೈ ಸಾಹುಕಾರನದಷ್ಟೇ ಅಲ್ಲ, ಕೂಲಿಯವನದೂ ಹೌದು. ತನ್ನ ಮೇಲೆ ಸವಾರಿ ಮಾಡುವವನನ್ನು ಏನೂ ಮಾಡಲಾರದವನು ತನಗಿಂತ ಕೆಳಗಿನವನನ್ನು ಹುಡುಕಿ ನಗುತ್ತಾನೆ. ಈ ನಗೆಯಿಂದ ದುಡಿಯುವ ವರ್ಗಕ್ಕೆ ಯಾವ ಲಾಭವೂ ಇಲ್ಲ.

ಗುಡ್ಡದ ಹೆಸರು ಹೇಳಿದ ಕೂಡಲೇ ಕೆಲವರು ಮುತ್ತು ಕಟ್ಟುವ ಮಾತು ತೆಗೆಯುತ್ತಾರೆ. ಅದಕ್ಕೂ ನೇರವಾಗಿ ಉತ್ತರ ಕೊಡುತ್ತೇವೆ. ದೇವರ ಹೆಸರಿನಲ್ಲಿ ದಲಿತರ, ಬಡವರ ಹೆಣ್ಣುಮಕ್ಕಳನ್ನು ಉಳ್ಳವರ ಭೋಗಕ್ಕೆ ಬಿಟ್ಟ ಪದ್ಧತಿ ಘೋರ ಶೋಷಣೆ. 1982ರ ದೇವದಾಸಿ ಸಮರ್ಪಣ ನಿಷೇಧದ ಕಾನೂನು ಸರಿಯಾದದ್ದೇ. ಆ ನಿಷೇಧ ಇನ್ನೂ ಬಿಗಿಯಾಗಿ ನಡೆಯಬೇಕು. ಮನೆಯಲ್ಲಿ ಬಾಳಲಾಗದ ಹುಡುಗನಿಗೆ ‘ಮೈಮೇಲೆ ತಾಯಿ ಬಂದಾಳ’ ಎಂಬ ಒಂದು ಮಾತೇ ಆಸರೆಯಾಗಬೇಕಾಯಿತು ಎಂಬುದೂ ಸಮಾಜಕ್ಕೆ ಭೂಷಣವಲ್ಲ. ಆದರೆ ಪದ್ಧತಿಯನ್ನು ಕಿತ್ತೆಸೆಯುವುದು ಬೇರೆ, ಆ ಪದ್ಧತಿಯಲ್ಲಿ ಸಿಕ್ಕ ಮನುಷ್ಯರನ್ನು, ಅವರ ಕೈಯ ವಿದ್ಯೆಯನ್ನು ಕಸದಂತೆ ಗುಡಿಸಿ ಹಾಕುವುದು ಬೇರೆ.

ಆ ವಿದ್ಯೆಗೆ ಸಿಕ್ಕ ಮನ್ನಣೆಯ ಕಥೆಯೂ ನಮಗೆ ಗೊತ್ತಿದೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಭಿಕ್ಷೆ ಬೇಡಿ ಬದುಕಿದವರು, ವಿಷ ಕುಡಿದು ಸಾವಿನ ಬಾಗಿಲು ಮುಟ್ಟಿ ಬಂದವರು. ಕಾಳವ್ವ ಜೋಗತಿಯವರ ಹತ್ತಿರ ಕುಣಿತ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ಸೆರಗಿನಿಂದ ರಾಷ್ಟ್ರಪತಿಯವರಿಗೇ ದೃಷ್ಟಿ ತೆಗೆದರು. ಗಾಯಕ ಟಿ.ಎಂ. ಕೃಷ್ಣ ಅವರು ಜೋಗಪ್ಪಗಳ ಜೊತೆ ಒಂದೇ ವೇದಿಕೆಯ ಮೇಲೆ ಕುಳಿತು ಹಾಡಿದರು. ಇವು ಸಣ್ಣ ಮಾತುಗಳಲ್ಲ. ಆದರೆ ಒಬ್ಬರ ಕೊರಳಿಗೆ ಹಾರ ಬಿದ್ದರೆ ಉಳಿದವರ ಹೊಟ್ಟೆಗೆ ಹಿಟ್ಟು ಬೀಳುವುದಿಲ್ಲ.

ಕಾನೂನಿನ ನಡೆಯೂ ಹೀಗೆಯೇ ಎರಡು ಬಗೆಯದು. 2011ರಲ್ಲಿ ನಮ್ಮ ರಾಜ್ಯದ ಪೋಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿ, ಹೀನಾರ್ಥದ ಶಬ್ದ ಬಳಸಿ, ಇವರ ಯಾದಿ ಇಟ್ಟು ಕಾವಲು ಕಾಯಬೇಕೆಂದರು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಆ ಶಬ್ದ ಹೋಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕು ಇವರದೆಂದಿತು. 2018ರಲ್ಲಿ ಸಮಾನ ಲಿಂಗದವರ ಪ್ರೀತಿ ಅಪರಾಧವಲ್ಲವೆಂದಿತು. 2021ರಲ್ಲಿ ರಾಜ್ಯ ಸರಕಾರ ನೌಕರಿಯಲ್ಲಿ ನೂರಕ್ಕೆ ಒಂದು ಪಾಲು ಮೀಸಲಿಟ್ಟಿತು. ಆದರೆ ಸಾಲಿಯ ಮೆಟ್ಟಿಲು ಹತ್ತಲು ಬಿಡದವರಿಗೆ ನೌಕರಿಯ ಮೀಸಲು ಎಲ್ಲಿಂದ ದಕ್ಕೀತು? ಇದನ್ನು ಮಾಸ್ತರಿಕೆ ಮಾಡಿದ ಅನುಭವದಿಂದ ಹೇಳುತ್ತೇವೆ. ನಡೆಯಲ್ಲಿ, ನುಡಿಯಲ್ಲಿ ಸ್ವಲ್ಪ ಬೇರೆಯಾಗಿದ್ದ ಒಬ್ಬ ಹುಡುಗನನ್ನು ಇಡೀ ವರ್ಗವೇ ಆಡಿಕೊಳ್ಳುತ್ತಿತ್ತು. ನಾವು ಬೆತ್ತ ಎತ್ತಿದ್ದು ನಗುವವರ ಮೇಲಲ್ಲ, ‘ಸರಿಯಾಗಿ ನಡಿ’ ಎಂದು ಅವನ ಮೇಲೆ. ದೀಪಾವಳಿಯ ಸೂಟಿಯ ಮೇಲೆ ಅವನು ಮರಳಿ ಬರಲಿಲ್ಲ.

ಪಕ್ಷದ ಕೆಲಸಕ್ಕೆ ಬಂದ ಮೇಲೂ ನಾವು ತಿದ್ದಿಕೊಂಡೆವೆಂದು ಹೇಳಲಾರೆವು. ರೈತರ ಒಂದು ಸಭೆಗೆ ಮಂದಿ ಕೂಡಲಿ ಎಂದು ಚೌಡಿಕೆಯ ಮೇಳವನ್ನು ಕರೆಸಿದ್ದೆವು. ಮಂದಿ ಕೂಡಿದರು, ಭಾಷಣ ಸುರುವಾಯಿತು. ಸಮಾನತೆಯ ಮೇಲೆ ನಾವೇ ಒಂದು ತಾಸು ಮಾತಾಡಿದೆವು. ಊಟದ ಪಂಕ್ತಿಯಲ್ಲಿ ಮೇಳದವರು ಕಾಣಲಿಲ್ಲ. ಹೊರಗೆ ಬಂದು ನೋಡಿದರೆ ಟ್ರ್ಯಾಕ್ಟರಿನ ಮಗ್ಗಲು ಕುಳಿತು ತಾವು ತಂದ ಬುತ್ತಿ ಬಿಚ್ಚಿದ್ದರು. ‘ಒಳಗ ಬರ್ರಿ’ ಎಂದೆವು. ಅವರಲ್ಲಿ ಹಿರಿಯಳಾದ ಜೋಗತಿ, ‘ಇರಲಿ ಬಿಡ್ರಿ ಮಾಸ್ತರ, ಕರದಾಗ ಬರೂದು, ಕುಣದು ಹೋಗೂದು, ನಮಗ ರೂಢಿ ಐತಿ’ ಎಂದಳು. ಆ ಮಾತು ನಮ್ಮ ಭಾಷಣವನ್ನೆಲ್ಲ ಸುಳ್ಳು ಮಾಡಿತು.

ಆದಕಾರಣ ನಮ್ಮ ಬೇಡಿಕೆಗಳು ಸರಳವಾದವು. ಜಾತ್ರೆ ಇರಲಿ, ಸರಕಾರಿ ಉತ್ಸವ ಇರಲಿ, ಪಕ್ಷದ ಸಭೆ ಇರಲಿ, ಜೋಗತಿ ಮೇಳಕ್ಕೆ ಉಳಿದ ಕಲಾವಿದರಿಗೆ ಕೊಟ್ಟಷ್ಟೇ ಸಂಭಾವನೆ ಕೈಗೆ ಕೊಡಬೇಕು, ನೆಲಕ್ಕೆ ಎಸೆಯಬಾರದು. ರಾತ್ರಿ ತಂಗಲು ಬಾಗಿಲು ಭದ್ರವಿರುವ ಜಾಗ ಬೇಕು. 2019ರ ಕಾಯ್ದೆಯ ಗುರುತಿನ ಚೀಟಿ, ಕಲಾವಿದರ ಮಾಸಾಶನ ಇವುಗಳ ಅರ್ಜಿ ತುಂಬಿಸಲು ತಾಲೂಕಿನ ನೌಕರರೇ ಗುಡ್ಡಕ್ಕೆ ಹೋಗಬೇಕು. 2023ರಿಂದ ರಾಜ್ಯದ ಬಸ್ಸಿನಲ್ಲಿ ಇವರಿಗೂ ಪುಕ್ಕಟೆ ಪ್ರಯಾಣವಿದೆ. ಹತ್ತಿದವರನ್ನು ಗೇಲಿ ಮಾಡಿ ಇಳಿಸದಂತೆ ನೋಡಿಕೊಳ್ಳುವುದು ಉಳಿದ ಪ್ರಯಾಣಿಕರ, ಅಂದರೆ ನಮ್ಮ ಕೆಲಸ.

ಮುಂದಿನ ಸಭೆಗೆ ಆ ಮೇಳವನ್ನು ಮತ್ತೆ ಕರೆಯುವವರಿದ್ದೇವೆ. ಈ ಸಲ ವೀಳ್ಯ ಮೊದಲು ಕೊಡುತ್ತೇವೆ, ಪಂಕ್ತಿಯಲ್ಲಿ ಅವರ ಮಗ್ಗುಲಿಗೆ ಕುಳಿತು ಉಣ್ಣುತ್ತೇವೆ. ಭಾಷಣ ಆಮೇಲೆ.