ಮಲ್ಲವಿದ್ಯೆಯೂ ಮದ್ದಿನ ಬಲವೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಸೀಮೆಯಲ್ಲಿ ಕುಸ್ತಿಗಿರುವ ಮನ್ನಣೆ ಸರ್ವವಿದಿತವಾದುದು. ಜಾತ್ರೆಯೆಂದರೆ ತೇರಿನಷ್ಟೇ ಕುಸ್ತಿಯ ಕಣಕ್ಕೂ ಜನ ಕೂಡುತ್ತಾರೆ. ಕೊಲ್ಲಾಪುರವು ನೆರೆಯಲ್ಲಿಯೇ ಇರುವುದರಿಂದ, ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಒಮ್ಮೆಯಾದರೂ ಲಂಗೋಟಿ ಕಟ್ಟಿ ಇಳಿಯಬೇಕೆಂಬ ಹಂಬಲವು ಇಲ್ಲಿಯ ತರುಣ ಪೈಲವಾನರಿಗೆ ತಲೆಮಾರುಗಳಿಂದ ಬಂದುದಾಗಿದೆ.

ಗರಡಿಯ ವಿದ್ಯೆಗೆ ವಿಧೇಯತೆಯೇ ಬುನಾದಿ. ಉಸ್ತಾದನು ಸಾವಿರ ಬೈಠಕವೆಂದರೆ ಸಾವಿರ. ಹಾಲು, ತುಪ್ಪ, ಬಾದಾಮಿ ಆತನು ಹೇಳಿದಷ್ಟು, ಹೇಳಿದ ಹೊತ್ತಿಗೆ. ಕೊಟ್ಟುದನ್ನು ಕುಡಿಯುವುದು ಶಿಷ್ಯಧರ್ಮ; ಇದೇನೆಂದು ಕೇಳುವುದು ಉದ್ಧಟತನ. ಹಾಲು ಬಾದಾಮಿಗಳ ಕಾಲದಲ್ಲಿ ಈ ಪರಿಪಾಠದಿಂದ ಕೇಡೇನೂ ಆಗಲಿಲ್ಲ. ಲೋಟದಲ್ಲಿದ್ದ ಪದಾರ್ಥವು ಕಣ್ಣಿಗೆ ಕಾಣುತ್ತಿತ್ತು. ಪುಡಿಯ ಡಬ್ಬಿ, ಮಾತ್ರೆ, ಸೂಜಿಗಳು ಹಾಲಿನ ಪಕ್ಕದಲ್ಲಿ ಬಂದು ಕುಳಿತಿರುವ ಇಂದು ಅದೇ ವಿಧೇಯತೆಯು ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಕನ್ನಡ ನಾಡಿನದೇ ಒಂದು ಉದಾಹರಣೆಯುಂಟು. ಅದು ಕುಸ್ತಿಯದಲ್ಲ, ಓಟದ್ದು.

ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿಯವರು 2010ರ ಅಕ್ಟೋಬರಿನಲ್ಲಿ ದಿಲ್ಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4x400 ಮೀಟರ್ ರಿಲೇ ತಂಡದೊಡನೆ ಚಿನ್ನ ಗೆದ್ದರು. ಮರುತಿಂಗಳು ಚೀನದ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಹಾಗೂ ರಿಲೇ, ಎರಡರಲ್ಲಿಯೂ ಚಿನ್ನ. ಆಗ ಅವರಿಗೆ 23 ವರ್ಷ. ಇಡೀ ನಾಡು ಆ ಹೆಣ್ಣುಮಗಳನ್ನು ಮೆರೆಸಿತು. ವರುಷ ತುಂಬುವ ಮೊದಲೇ, 2011ರಲ್ಲಿ, ಅವರೂ ಅವರ ಹಲವು ಸಹ ಓಟಗಾರ್ತಿಯರೂ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅಶ್ವಿನಿಯವರಲ್ಲಿ ಕಂಡುಬಂದುದು ಮೆಥಾಂಡಿಯೆನೋನ್ ಎಂಬ ಸ್ಟೆರಾಯ್ಡ್.

ತಾವು ತಿಳಿದೂ ಏನನ್ನೂ ಸೇವಿಸಿಲ್ಲ, ತರಬೇತುದಾರ ಯೂರಿ ಒಗೊರೊದ್ನಿಕ್ ಅವರು ಕೊಟ್ಟ ಜಿನ್‌ಸೆಂಗ್ ಬೇರಿನ ಮಾತ್ರೆಗಳಲ್ಲಿ ಅದು ಬೆರೆತಿದ್ದಿರಬೇಕು ಎಂಬುದು ಓಟಗಾರ್ತಿಯರ ವಾದ. ತರಬೇತುದಾರರನ್ನು 2011ರ ಜುಲೈಯಲ್ಲಿ ಹುದ್ದೆಯಿಂದ ತೆಗೆದುಹಾಕಲಾಯಿತು. ಓಟಗಾರ್ತಿಯರಿಗೆ ದೇಶದ ಶಿಸ್ತು ಮಂಡಳಿಯು ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಒಕ್ಕೂಟವು ಮೇಲ್ಮನವಿ ಸಲ್ಲಿಸಲಾಗಿ, ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯವು 2012ರ ಜುಲೈಯಲ್ಲಿ ಅದನ್ನು ಎರಡು ವರ್ಷಗಳಿಗೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಅವರ ಪಾಲಿಗೆ ಇಲ್ಲವಾಯಿತು. ನಿಷೇಧ ಮುಗಿದ ಬಳಿಕ ಅವರು ಮತ್ತೆ ಓಡಿದರೆಂಬುದು ನಿಜ. ಆದರೆ ಓಟಗಾರ್ತಿಯ ಬಾಳಿನಲ್ಲಿ 23ರಿಂದ 25ರವರೆಗಿನ ವಯಸ್ಸನ್ನು ಮರಳಿ ಕೊಡುವವರು ಯಾರು?

ಕನ್ನಡದಲ್ಲಿ ಮದ್ದು ಎಂಬ ಮಾತಿಗೆ ಔಷಧವೆಂಬ ಅರ್ಥವೂ ಉಂಟು, ಅನ್ನದಲ್ಲಿ ಗುಟ್ಟಾಗಿ ಬೆರೆಸಿ ಇಡುವ ವಿಷವೆಂಬ ಅರ್ಥವೂ ಉಂಟು. ಮೆಥಾಂಡಿಯೆನೋನ್ ಎರಡೂ ಅರ್ಥಗಳನ್ನು ಹೊತ್ತ ವಸ್ತು. 1950ರ ದಶಕದ ಕೊನೆಯಲ್ಲಿ ಸೀಬಾ ಕಂಪನಿಯು ಇದನ್ನು ಡಯಾನಬಾಲ್ ಎಂಬ ಹೆಸರಿನಿಂದ ಔಷಧವಾಗಿಯೇ ಮಾರುಕಟ್ಟೆಗೆ ತಂದಿತು. ಗಂಡಸಿನ ದೇಹದಲ್ಲಿ ಸಹಜವಾಗಿ ಹುಟ್ಟುವ ಹಾರ್ಮೋನಿನ ಕೃತಕ ರೂಪವಿದು. ಸ್ನಾಯುಗಳನ್ನು ಬೇಗ ಬೆಳೆಸುತ್ತದೆ, ದಣಿವನ್ನು ಬೇಗ ಕಳೆಯುತ್ತದೆ. ಅದರೊಡನೆ ಯಕೃತ್ತನ್ನು ಕೆಡಿಸುತ್ತದೆ, ರಕ್ತದ ಒತ್ತಡವನ್ನು ಏರಿಸುತ್ತದೆ, ದೇಹದ ಸ್ವಂತ ಹಾರ್ಮೋನನ್ನು ಬತ್ತಿಸುತ್ತದೆ. ಹೆಣ್ಣಿನ ದನಿಯನ್ನು ಗಡಸು ಮಾಡುತ್ತದೆ. ಎಲುಬು ಇನ್ನೂ ಬೆಳೆಯುತ್ತಿರುವ ಬಾಲಕನು ಸೇವಿಸಿದರೆ ಬೆಳವಣಿಗೆಯೇ ಅಕಾಲದಲ್ಲಿ ನಿಂತುಹೋಗಬಹುದು. ಸಪ್ತವ್ಯಸನಗಳಲ್ಲಿ ಮದ್ಯಕ್ಕೆ ಸ್ಥಾನವಿದೆ, ಈ ಮದ್ದಿಗಿಲ್ಲ. ಕುಡುಕನನ್ನು ಊರೇ ಗುರುತಿಸುತ್ತದೆ. ಇದನ್ನು ಸೇವಿಸಿದವನ ಮೈಕಟ್ಟನ್ನು ಕಂಡು ಊರು ಶಹಭಾಸ್ ಎನ್ನುತ್ತದೆ.

ಕುಸ್ತಿಯೇನೂ ಇದರಿಂದ ಹೊರತಲ್ಲ. ಮೂರು ಬಾರಿ ಮಹಾರಾಷ್ಟ್ರ ಕೇಸರಿಯಾದ ನರಸಿಂಗ ಯಾದವರ ಹೆಸರು ಗಡಿಯ ಈಚೆಗೂ ಚಿರಪರಿಚಿತ. ಅವರೂ 2010ರ ದಿಲ್ಲಿ ಕೂಟದಲ್ಲಿಯೇ ಚಿನ್ನ ಗೆದ್ದವರು. 2016ರಲ್ಲಿ ಅವರ ಪರೀಕ್ಷೆಯಲ್ಲಿ ಕಂಡುಬಂದುದೂ ಇದೇ ಮೆಥಾಂಡಿಯೆನೋನ್. ಯಾರೋ ದ್ವೇಷದಿಂದ ಬೆರೆಸಿದರೆಂದು ಅವರು ವಾದಿಸಿದರು. ದೇಶದ ಸಂಸ್ಥೆಯು ಒಪ್ಪಿ ಬಿಡುಗಡೆ ಮಾಡಿತು. ಆದರೆ ರಿಯೋ ಒಲಿಂಪಿಕ್ಸಿನ ಕಣಕ್ಕಿಳಿಯುವ ಹಿಂದಿನ ದಿನ ಮಧ್ಯಸ್ಥಿಕೆ ನ್ಯಾಯಾಲಯವು ನಾಲ್ಕು ವರ್ಷಗಳ ನಿಷೇಧವನ್ನು ಹೇರಿತು.

ಕಾನೂನು ಕಠಿಣವಾಗಿದೆ. ದೇಹದಲ್ಲಿ ಏನು ಸಿಕ್ಕಿತೋ ಅದಕ್ಕೆ ಆ ದೇಹದ ಒಡೆಯನೇ ಹೊಣೆ. ಕೊಟ್ಟವರು ಯಾರು, ಉದ್ದೇಶವೇನು ಎಂಬುದೆಲ್ಲ ಆಮೇಲಿನ ಮಾತು. ಇದು ಅನ್ಯಾಯವೆಂದು ತೋರುವುದು ಸಹಜ. ಕೊಟ್ಟವನಿಗಿಂತ ಕುಡಿದವನಿಗೆ ಹೆಚ್ಚು ಪೆಟ್ಟು ಬೀಳುವುದನ್ನು ಯಾವ ಧರ್ಮಶಾಸ್ತ್ರ ಮೆಚ್ಚೀತು? ಆದರೂ ಈ ಕಟ್ಟಳೆಯನ್ನು ಸಡಿಲಿಸಿದರೆ ಸಿಕ್ಕಿಬಿದ್ದ ಪ್ರತಿಯೊಬ್ಬನೂ ಗುರುವಿನ ಕಡೆಗೆ ಬೆರಳು ತೋರಿಸಿ ಪಾರಾಗುವನು. ಕಾನೂನು ಹೀಗೆಯೇ ಇರುವುದಾದರೆ ಗರಡಿಯ ಪರಿಪಾಠವೇ ಬದಲಾಗಬೇಕಾದುದು ಅನಿವಾರ್ಯ. ಶಿಷ್ಯನು ಡಬ್ಬಿಯನ್ನು ತಿರುಗಿಸಿ ನೋಡಿ, ಇದರಲ್ಲೇನಿದೆ ಗುರುಗಳೇ ಎಂದು ಕೇಳಿದರೆ ಅದು ಅಪಚಾರವಾಗದು. ಕೇಳಿದುದಕ್ಕೆ ಸಿಡುಕುವ ಉಸ್ತಾದನ ವಿಷಯದಲ್ಲಿ ತಂದೆತಾಯಿಗಳು ಎಚ್ಚರದಿಂದಿರತಕ್ಕದ್ದು.

ಜಾತ್ರೆಯ ಕಣಕ್ಕೆ ಪರೀಕ್ಷಕರು ಬರುವುದು ಅಪರೂಪ. ಬೆಳ್ಳಿಯ ಗದೆ ಹೆಗಲೇರಿದ ಮೇಲೆ ಮೂತ್ರದ ಮಾದರಿಯನ್ನು ಕೇಳುವವರಿಲ್ಲ. ಆದುದರಿಂದ ಹುಡುಗರಿಗೆ ಈ ತಿಳಿವಳಿಕೆ ಶಾಲೆಯಲ್ಲಿಯೇ ದೊರೆಯಬೇಕು. ವಿಶ್ವ ಮದ್ದು ವಿರೋಧಿ ಸಂಸ್ಥೆಯ ನಿಷಿದ್ಧ ವಸ್ತುಗಳ ಪಟ್ಟಿಯು ಪ್ರತಿವರ್ಷ ಜನವರಿ 1ರಿಂದ ಹೊಸದಾಗಿ ಜಾರಿಗೆ ಬರುತ್ತದೆ. ಅದು ಇಂಗ್ಲಿಷಿನಲ್ಲಿದೆ, ಹೆಸರುಗಳು ನಾಲಿಗೆಗೆ ತೊಡಕಾದವು. ವ್ಯಾಯಾಮ ಶಿಕ್ಷಕರೂ ಕನ್ನಡ ಶಿಕ್ಷಕರೂ ಕೂಡಿ ಮುಖ್ಯವಾದವುಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದು, ಗರಡಿಗೆ ಹೋಗುವ ಹುಡುಗರ ಕಣ್ಣಿಗೆ ಬೀಳುವಂತೆ ಸೂಚನಾಫಲಕಕ್ಕೆ ಅಂಟಿಸಲು ಒಂದು ಮಧ್ಯಾಹ್ನ ಸಾಕು.