ಮಾತ್ರೆಯನ್ನರಿತ ಮಹಿಳೆ



ಕಳೆದ ತಿಂಗಳು ಒಂದು ಸಂಜೆ ನಮ್ಮ ಬೀದಿಯ ಗೃಹಸ್ಥರೊಬ್ಬರು ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. ಅವರದು ಔಷಧದ ಅಂಗಡಿ. ಅವರ ಹಿರಿಯ ಮಗಳು ಶಾಲೆಯ ದಿನಗಳಿಂದಲೂ ಅಂಗಡಿಯಲ್ಲಿ ತಂದೆಗೆ ನೆರವಾಗಿ ನಿಂತವಳು. ಯಾವ ಔಷಧವು ಯಾವ ಗೂಡಿನಲ್ಲಿರುವುದೆಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು. ಆಕೆಯು ಈಗ ಔಷಧಶಾಸ್ತ್ರದ ಡಿಪ್ಲೊಮಾ ಓದಬೇಕೆಂದು ಹಟ ಹಿಡಿದಿರುವಳಂತೆ. "ಮೇಷ್ಟ್ರೇ, ಅವಳಿಗೆ ತಿಳಿಯದಿರುವುದು ಏನಿದೆ? ಎಲ್ಲವನ್ನೂ ಅಂಗಡಿಯಲ್ಲಿಯೇ ಕಲಿತಿದ್ದಾಳೆ. ಇನ್ನೂ ಎರಡು ವರ್ಷ, ಅಷ್ಟೊಂದು ಹಣ, ಎಲ್ಲವೂ ಒಂದು ಕಾಗದಕ್ಕಾಗಿ! ನಾಳೆ ಮದುವೆಯಾಗಿ ಹೋಗುವ ಹುಡುಗಿ. ನೀವಾದರೂ ಅವಳಿಗೆ ಬುದ್ಧಿ ಹೇಳಿ" ಎಂದರು. ನಾನು ಬುದ್ಧಿ ಹೇಳಲಿಲ್ಲ. ತಂದೆಗೆ ಒಂದು ಕಥೆಯನ್ನು ಹೇಳಿದೆನು. ಅದು ಕಟ್ಟುಕಥೆಯಲ್ಲ, ನಡೆದ ಸಂಗತಿ. ಅದನ್ನೇ ಈ ತಿಂಗಳು ನಿಮ್ಮ ಮುಂದೆಯೂ ಇಡುವೆನು.

ಕಥೆಗೆ ಮೊದಲು ಒಂದು ಶಬ್ದದ ವಿಚಾರ. ನಾವು ನುಂಗುವ 'ಮಾತ್ರೆ'ಯ ಹೆಸರಿನಲ್ಲಿ ಇರುವುದೇನು? ಸಂಸ್ಕೃತದಲ್ಲಿ 'ಮಾತ್ರಾ' ಎಂದರೆ ಅಳತೆ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ತರಗತಿಯಲ್ಲಿ ಇದನ್ನು ಎಣಿಸುತ್ತಲೇ ನನ್ನ ಕೂದಲು ನೆರೆಯಿತು. ವೈದ್ಯದಲ್ಲಿಯೂ ಮಾತ್ರೆಯೆಂದರೆ ಔಷಧದ ಪ್ರಮಾಣವೇ. ನಮ್ಮ ಅಜ್ಜಿಯವರು ಕೂಸಿಗೆಂದು ಬಜೆ, ಜಾಯಿಕಾಯಿಗಳನ್ನು ಕಲ್ಲಿನ ಮೇಲೆ ತೇಯುವಾಗ ಸುತ್ತುಗಳನ್ನು ಬಾಯಲ್ಲಿ ಎಣಿಸುತ್ತಿದ್ದರು. "ಜಾಯಿಕಾಯಿ ಒಂದೇ ಸುತ್ತು ಕಣೋ, ಹೆಚ್ಚಾದರೆ ಕೂಸಿಗೆ ಮಂಪರು" ಎನ್ನುತ್ತಿದ್ದರು. ಅಕ್ಷರ ಬಾರದ ಅಜ್ಜಿಗೆ ಮಾತ್ರೆಯ ಮರ್ಮ ತಿಳಿದಿತ್ತು. ಪದ್ಯದಲ್ಲಿ ಒಂದು ಮಾತ್ರೆ ತಪ್ಪಿದರೆ ಗಣ ಕೆಡುವುದು. ಔಷಧದಲ್ಲಿ ತಪ್ಪಿದರೆ ಪ್ರಾಣವೇ ಹೋಗುವುದು. ಹೀಗೆ ಮಾತ್ರೆಯನ್ನರಿತು, ಅರಿತಿರುವೆನೆಂಬುದನ್ನು ಲೋಕದ ಮುಂದೆ ಪ್ರಮಾಣಪಡಿಸಿದ ಒಬ್ಬಾಕೆಯ ಕಥೆಯೇ ಇದು.

ಇಂಗ್ಲೆಂಡಿನ ನಡುಭಾಗದಲ್ಲಿ ಲೆಸ್ಟರ್‌ಷೈರ್ ಎಂಬ ಪ್ರಾಂತವುಂಟು. ಅಲ್ಲಿಯ ಕಿಬ್‌ವರ್ತ್ ಎಂಬ ಹಳ್ಳಿಯಲ್ಲಿ 1837ನೆಯ ಇಸವಿಯಲ್ಲಿ ಫ್ಯಾನಿ ಪಾಟರ್ ಎಂಬಾಕೆ ಜನಿಸಿದಳು. ತಂದೆಯು ಔಷಧದ ವ್ಯಾಪಾರಿ. ಮಗಳು ತಂದೆಯ ಬಳಿಯಲ್ಲಿಯೇ ಆ ಕಸುಬನ್ನು ಕಲಿತಳು. ಈಗಿನಂತೆ ಕಾರ್ಖಾನೆಯಲ್ಲಿ ಸಿದ್ಧವಾಗಿ ಬಂದ ಪೊಟ್ಟಣವನ್ನು ಎತ್ತಿಕೊಡುವ ಕೆಲಸವಲ್ಲ ಅದು. ಬೇರು ತೊಗಟೆಗಳನ್ನು ಕುಟ್ಟಿ ಪುಡಿಮಾಡಬೇಕು, ಕಷಾಯ ಇಳಿಸಬೇಕು, ಮುಲಾಮು ಅರೆಯಬೇಕು, ಗುಳಿಗೆಗಳನ್ನು ಒಂದೇ ತೂಕ ಬರುವಂತೆ ಕೈಯಿಂದ ಉರುಳಿಸಬೇಕು.

ಆ ಕಾಲದಲ್ಲಿ ಆ ದೇಶದ ಔಷಧದ ಅಂಗಡಿಗಳ ಸ್ಥಿತಿಯು ಭಯ ಹುಟ್ಟಿಸುವಂತಿತ್ತು. ಪಾಷಾಣ, ಅಫೀಮು ಮೊದಲಾದ ಉಗ್ರವಿಷಗಳನ್ನು ಯಾರು ಬೇಕಾದರೂ ಅಂಗಡಿಯಲ್ಲಿಟ್ಟು ಮಾರುತ್ತಿದ್ದರು. 1851ರಲ್ಲಿ ಪಾಷಾಣದ ಮಾರಾಟಕ್ಕೆ ಒಂದು ಕಾಯಿದೆ ಬಂದಿತು: ಕೊಂಡವರ ಹೆಸರನ್ನು ಪುಸ್ತಕದಲ್ಲಿ ಬರೆಯಿಸಬೇಕು, ಬಿಳಿಯ ಪುಡಿಗೆ ಮಸಿಯನ್ನೋ ನೀಲಿಯನ್ನೋ ಬೆರೆಸಿ ಬಣ್ಣ ಬರಿಸಬೇಕು ಎಂದು. ಆ ಕಾಯಿದೆಯು ಸಂಸತ್ತಿನಲ್ಲಿದ್ದಾಗ, ಪಾಷಾಣವನ್ನು ವಯಸ್ಕ ಗಂಡಸರಿಗೆ ಮಾತ್ರವೇ ಮಾರತಕ್ಕದ್ದೆಂಬ ಒಂದು ವಾಕ್ಯವೂ ಅದರಲ್ಲಿ ಸೇರಿತ್ತು. ಹೆಂಗಸರನ್ನೆಲ್ಲ ವಿಷವಿಕ್ಕುವವರೆಂದು ಶಂಕಿಸಿದಂತಾಯಿತೆಂದು ತತ್ತ್ವಜ್ಞನಾದ ಜಾನ್ ಸ್ಟುವರ್ಟ್ ಮಿಲ್ಲನು ಗೃಹಮಂತ್ರಿಗೆ ಪತ್ರ ಬರೆದು ಆಕ್ಷೇಪಿಸಿದನು. ಕೊನೆಗೆ ಆ ವಾಕ್ಯವು ಕಾಯಿದೆಯಲ್ಲಿ ಉಳಿಯಲಿಲ್ಲ.

ಏಳು ವರ್ಷಗಳಾದ ಮೇಲೆ, 1858ರಲ್ಲಿ, ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಘೋರವೊಂದು ನಡೆಯಿತು. ಮಿಠಾಯಿಗೆ ಸಕ್ಕರೆಯ ಬದಲು ಸುಣ್ಣಗಲ್ಲಿನಂತಹ ಅಗ್ಗದ ಪುಡಿಯನ್ನು ಬೆರೆಸುವ ದುರಭ್ಯಾಸವು ಅಲ್ಲಿತ್ತು. ಆ ಪುಡಿಗಾಗಿ ಬಂದವನಿಗೆ ಔಷಧದ ಅಂಗಡಿಯ ಆಳು, ತಿಳಿಯದೆ, ಬೇರೊಂದು ಪೀಪಾಯಿಯಿಂದ 12 ಪೌಂಡು ಪಾಷಾಣವನ್ನು ತೂಗಿ ಕೊಟ್ಟುಬಿಟ್ಟನು. ಆ ಮಿಠಾಯಿಯನ್ನು ತಿಂದು ಸುಮಾರು 20 ಜನ ಸತ್ತರು. 200ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಸತ್ತವರಲ್ಲಿ ಮಕ್ಕಳು ಅನೇಕರು. ವಿಷವನ್ನು ಗುರುತಿಸಲಾರದವನ ಕೈಗೆ ತಕ್ಕಡಿಯನ್ನು ಕೊಡಬಾರದೆಂಬ ತಿಳಿವಳಿಕೆಯು ಇಂತಹ ಸಾವುಗಳಿಂದ ಬಂದಿತು. 1868ರಲ್ಲಿ ಔಷಧ ವ್ಯಾಪಾರಿಗಳ ಕಾಯಿದೆಯು ಜಾರಿಯಾಯಿತು. ಅಧಿಕೃತ ಪಟ್ಟಿಯಲ್ಲಿ ಹೆಸರಿಲ್ಲದವರು ಕಾಯಿದೆಯಲ್ಲಿ ಹೇಳಿದ ವಿಷಗಳನ್ನು ಮಾರುವಂತಿಲ್ಲ. ಸೀಸೆಯ ಮೇಲೆ 'ವಿಷ'ವೆಂಬ ಚೀಟಿಯಿರಬೇಕು, ಮಾರಿದವನ ಹೆಸರಿರಬೇಕು.

ಈ ಕಾಯಿದೆಯು ಸ್ತ್ರೀಯರನ್ನು ಕರೆಯಲೂ ಇಲ್ಲ, ತಡೆಯಲೂ ಇಲ್ಲ. ಕಾಯಿದೆಗೆ ಮೊದಲೇ ಸ್ವಂತ ಅಂಗಡಿಯಿಟ್ಟಿದ್ದವರ ಹೆಸರುಗಳು ಪರೀಕ್ಷೆಯಿಲ್ಲದೆ ಪಟ್ಟಿಗೆ ಸೇರಿದುವು. 1869ರ ಆ ಮೊದಲ ಪಟ್ಟಿಯನ್ನು ತೆರೆದು ನೋಡಿದವರಿಗೆ 223 ಸ್ತ್ರೀಯರ ಹೆಸರುಗಳು ಕಂಡುವು. ಗಂಡ ಸತ್ತ ಮೇಲೆ ಅಂಗಡಿಯನ್ನು ಉಳಿಸಿಕೊಂಡ ವಿಧವೆಯರು, ತಂದೆಯ ಕಸುಬನ್ನು ಮುಂದುವರಿಸಿದ ಹೆಣ್ಣುಮಕ್ಕಳು ಇಂತಹವರಲ್ಲಿದ್ದರು. ಅವರು ನಿನ್ನೆ ಹುಟ್ಟಿದವರಲ್ಲ. ಪಟ್ಟಿಯಾಗುವವರೆಗೆ ಅವರನ್ನು ಎಣಿಸಿದವರಿರಲಿಲ್ಲ, ಅಷ್ಟೆ.

ಆದರೆ ಫ್ಯಾನಿಯ ಸ್ಥಿತಿ ಬೇರೆ. ಅಂಗಡಿಯು ತಂದೆಯದು, ಮಗಳು ಸಹಾಯಕಳು. ಇಂತಹ ಸಹಾಯಕರಿಗೆಂದು ಕಾಯಿದೆಯು ಒಂದು ವಿಶೇಷ ಪರೀಕ್ಷೆಯನ್ನು ಇಟ್ಟಿತ್ತು. ಮೂರು ವರ್ಷಗಳಾದರೂ ಔಷಧ ಕೂಡಿಸುವ ಕೆಲಸವನ್ನು ಮಾಡಿರುವವರು ಅದಕ್ಕೆ ಕುಳಿತುಕೊಳ್ಳಬಹುದಾಗಿತ್ತು. "ನನಗೆ ಕೆಲಸ ಬರುವುದು, ಊರವರಿಗೆ ಗೊತ್ತು, ಸಾಕು" ಎಂದು ಆಕೆ ಸುಮ್ಮನಾಗಿದ್ದರೆ ಕೇಳುವವರು ಯಾರಿದ್ದರು? ಮೂವತ್ತು ದಾಟಿದ ಆಕೆಯು ಪರೀಕ್ಷೆಗೆ ಕುಳಿತಳು. 1870ರ ಫೆಬ್ರವರಿಯಲ್ಲಿ ತೇರ್ಗಡೆಯಾದಳು. ಆ ಕಾಯಿದೆಯ ಮೇರೆಗೆ ಪರೀಕ್ಷೆ ಕೊಟ್ಟು ಪಟ್ಟಿಗೆ ಸೇರಿದ ಮೊದಲ ಸ್ತ್ರೀ ಆಕೆಯೇ.

ಅಂತಹ ಪರೀಕ್ಷೆಯಲ್ಲಿ ಏನು ಕೇಳುವರೆಂದು ನೀವು ಕೇಳಬಹುದು. ವೈದ್ಯರ ಚೀಟಿಯನ್ನು ಓದಿ ಅರ್ಥ ಹೇಳಬೇಕು, ದ್ರವ್ಯಗಳನ್ನು ಗುರುತಿಸಬೇಕು, ಔಷಧವನ್ನು ಕೈಯಾರೆ ಕೂಡಿಸಬೇಕು. ಚೀಟಿಗಳೋ ಲ್ಯಾಟಿನ್ ಭಾಷೆಯ ಮೊಟಕು ಅಕ್ಷರಗಳಲ್ಲಿರುತ್ತಿದ್ದುವು. 60 ಗ್ರೇನಿಗೆ ಒಂದು ಡ್ರಾಮು, 8 ಡ್ರಾಮಿಗೆ ಒಂದು ಔನ್ಸು. ಡ್ರಾಮಿಗೂ ಔನ್ಸಿಗೂ ಬರೆಯುತ್ತಿದ್ದ ಗುರುತುಗಳು ನೋಡಲು ಹೆಚ್ಚು ಕಡಮೆ ಒಂದೇ. ಔನ್ಸಿನ ಗುರುತಿಗೆ ತಲೆಯ ಮೇಲೆ ಒಂದು ಗೆರೆ ಹೆಚ್ಚು. ಅವಸರದ ಬರೆಹದಲ್ಲಿ ಆ ಒಂದು ಗೆರೆಯನ್ನು ತಪ್ಪಾಗಿ ಓದಿದರೆ ರೋಗಿಗೆ ಎಂಟರಷ್ಟು ಔಷಧವು ಹೋಗುವುದು. ಅಫೀಮಿನ ದ್ರಾವಣದಲ್ಲಿ ಎಂಟರಷ್ಟೆಂದರೆ ಏನಾದೀತೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಂದವರಿಗೆ ಬೇಡವೆನ್ನುವ ಧೈರ್ಯವೂ, ಚೀಟಿಯು ಸಂದೇಹಾಸ್ಪದವಾಗಿದ್ದರೆ ವೈದ್ಯರನ್ನೇ ಮರಳಿ ಕೇಳುವ ಧೈರ್ಯವೂ ಈ ಕಸುಬಿಗೆ ಬೇಕು. ಆ ಧೈರ್ಯಕ್ಕೆ ಅಧಾರವು ಶಾಸ್ತ್ರಜ್ಞಾನ.

ಸತ್ಯವನ್ನು ಮರೆಮಾಚಬಾರದು. ಫ್ಯಾನಿ ಕೊಟ್ಟ ಪರೀಕ್ಷೆಯು ಹೊಸಬರ ಪರೀಕ್ಷೆಗಿಂತ ಸುಲಭವಾದುದು. ಹೊಸಬರ ಆ ಪರೀಕ್ಷೆಯಲ್ಲಿ ಗೆದ್ದ ಮೊದಲ ಸ್ತ್ರೀ ಆಲಿಸ್ ವಿಕರಿ, ಅದು 1873ರಲ್ಲಿ. ಇವರೆಲ್ಲ ಪರೀಕ್ಷೆಗಳನ್ನು ಗೆದ್ದರೂ ವೃತ್ತಿಯವರ ಸಂಘವು ತನ್ನ ಸದಸ್ಯತ್ವವನ್ನು ಸ್ತ್ರೀಯರಿಗೆ ಕೊಡಲು ಬಹುಕಾಲ ಒಪ್ಪಲಿಲ್ಲ. ವರ್ಷವರ್ಷವೂ ವಾದವಿವಾದಗಳು ನಡೆದು, 1879ರಲ್ಲಿ ಇಸಬೆಲ್ಲಾ ಕ್ಲಾರ್ಕ್ ಮತ್ತು ರೋಸ್ ಮಿನ್‌ಶಲ್ ಎಂಬಿಬ್ಬರಿಗೆ ಬಾಗಿಲು ತೆರೆಯಿತು. ಅದೇ ಸಂಘಕ್ಕೆ 1947ರಲ್ಲಿ ಜೀನ್ ಅರ್ವಿನ್ ಎಂಬಾಕೆ ಅಧ್ಯಕ್ಷಳಾದಳು. ಮೊದಲ ಹೆಜ್ಜೆಗೂ ಈ ಪೀಠಕ್ಕೂ ನಡುವೆ ಎಪ್ಪತ್ತೇಳು ವರ್ಷಗಳ ದಾರಿ.

ಫ್ಯಾನಿಯು ಆ ವಾದವಿವಾದಗಳ ಪಟ್ಟಣವನ್ನು ಸೇರಲಿಲ್ಲ. 1875ರಲ್ಲಿ ಅಬ್ರಹಾಂ ಡೀಕನ್ ಎಂಬವರನ್ನು ಮದುವೆಯಾಗಿ ಸಮೀಪದ ಫ್ಲೆಕ್ನಿ ಎಂಬ ಹಳ್ಳಿಯಲ್ಲಿ ನೆಲಸಿದಳು. ಕಾಲುಚೀಲ ಹೆಣೆಯುವವರು, ಇಟ್ಟಿಗೆ ಸುಡುವವರು ಇದ್ದ ದುಡಿಮೆಗಾರರ ಊರು ಅದು. ಅಲ್ಲಿ ತನ್ನದೇ ಔಷಧಾಲಯವನ್ನು ನಡೆಸಿದಳು. ವೈದ್ಯರ ಶುಲ್ಕವನ್ನು ಕೊಡಲಾರದ ಬಡವರಿಗೆ ಆ ಕಾಲದಲ್ಲಿ ಔಷಧದ ಅಂಗಡಿಯೇ ಮೊದಲ ಆಸರೆ. 1911ರ ವಿಮೆಯ ಕಾಯಿದೆಯು ದುಡಿಯುವವನಿಗೆ ವೈದ್ಯರನ್ನು ಒದಗಿಸಿತು; ಅವನ ಹೆಂಡತಿಮಕ್ಕಳಿಗೆ ಒದಗಿಸಲಿಲ್ಲ. ರಾತ್ರಿ ಮಗು ಕೆಮ್ಮಿದರೆ ತಾಯಿ ಯಾರ ಬಾಗಿಲನ್ನು ತಟ್ಟಬೇಕು? ಹಳ್ಳಿಯಲ್ಲಿ ತಿಳಿದವರೊಬ್ಬರು ಇದ್ದರೆ ಅವರ ಬಾಗಿಲನ್ನೇ. ಪರೀಕ್ಷೆಯಾದ ಮೇಲೆ ಅರುವತ್ತು ವರ್ಷಗಳ ಕಾಲ ಬಾಳಿ, ತೊಂಬತ್ತು ದಾಟಿದ ಮೇಲೆ, 1930ರಲ್ಲಿ ಆಕೆಯು ಕಾಲವಾದಳು.

ಕಥೆಯನ್ನು ಮುಗಿಸಿ ನಾನು ಗೃಹಸ್ಥರನ್ನು ಕೇಳಿದೆನು: "ಸ್ವಾಮಿ, ಮದುವೆಯಾಗಿ ಹೋಗುವ ಹುಡುಗಿಗೆ ಕಾಗದವೇಕೆ ಎಂದಿರಿ. ಫ್ಯಾನಿಯು ಮದುವೆಯಾದಾಗ ತಂದೆಯ ಅಂಗಡಿಯನ್ನು ಹೊತ್ತುಕೊಂಡು ಹೋದಳೇ? ಅಂಗಡಿಯು ತಂದೆಯ ಊರಿನಲ್ಲಿ ಉಳಿಯಿತು; ಕಾಗದವು ಆಕೆಯ ಜೊತೆಗೆ ಹೋಯಿತು. ಆದುದರಿಂದಲೇ ಇನ್ನೊಂದು ಹಳ್ಳಿಗೆ ಒಂದು ಔಷಧಾಲಯ ದೊರೆಯಿತು. ನಮ್ಮ ದೇಶದಲ್ಲಿಯೂ 1948ರ ಫಾರ್ಮಸಿ ಕಾಯಿದೆಯ ಪ್ರಕಾರ ಪಟ್ಟಿಯಲ್ಲಿ ಹೆಸರಿಲ್ಲದವರು ವೈದ್ಯರ ಚೀಟಿಗೆ ಔಷಧ ಕೂಡಿಸಿ ಕೊಡುವಂತಿಲ್ಲವಷ್ಟೆ. ಇಂದು ನಿಮ್ಮ ಮಗಳು ನಿಮ್ಮ ಅಂಗಡಿಯಲ್ಲಿ ಎಲ್ಲವನ್ನೂ ಬಲ್ಲವಳು. ಹೊಸಲು ದಾಟಿದ ಮರುದಿನ ಏನೂ ಅಲ್ಲದವಳು. ಇದು ನಿಮಗೆ ಸಮ್ಮತವೇ?"

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನಮ್ಮ ತಾಯಿಯೂ ಹತ್ತೂರಿಗೆ ಮದ್ದು ಕೊಡುತ್ತಿದ್ದವರೇ, ಮೇಷ್ಟ್ರೇ. ಅವರು ಹೋದರು, ಯಾವುದಕ್ಕೆ ಎಷ್ಟು ಎಂಬುದೂ ಅವರೊಡನೆಯೇ ಹೋಯಿತು" ಎಂದರು. ಎದ್ದು ಮೆಟ್ಟಿಲಿಳಿಯುತ್ತ, ಅರ್ಜಿ ಹಾಕಲು ಕಡೆಯ ದಿನ ಯಾವುದೆಂದು ಕೇಳಿದರು. ನನಗೆ ತಿಳಿದಿರಲಿಲ್ಲ. "ಮಗಳನ್ನೇ ಕೇಳಿರಿ, ಆಕೆಗೆ ತಿಳಿದಿರುವುದು" ಎಂದೆನು.