ಎರಡು ಭಾಷೆಯ ಬಂಡವಾಳ ವ್ಯರ್ಥವಾಗದಿರಲಿ

"ಹುಡುಗ ಬಿ.ಎ. ಮುಗಿಸ್ಯಾನ್ರೀ, ಎಲ್ಲಿಯಾದ್ರೂ ಹಚ್ಚಿಕೊಡ್ರಿ." ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರ ತಾಲೂಕುಗಳ ಯಾವ ಸಂತೆಗೆ ಹೋದರೂ ತಂದೆಯೊಬ್ಬನ ಬಾಯಿಂದ ಈ ಮಾತು ಕೇಳಿಬರುತ್ತದೆ. ಸೋಲಾಪುರದ ದೊಡ್ಡ ಬಟ್ಟೆ ಗಿರಣಿಗಳು ಬಾಗಿಲು ಹಾಕಿ ದಶಕಗಳೇ ಕಳೆದವು. ಮಳೆ ನಂಬಿದ ಒಕ್ಕಲುತನ ಮನೆಯ ಎಲ್ಲ ಮಕ್ಕಳಿಗೂ ಅನ್ನ ಕೊಡಲಾರದು. ಹಾಗಿರುವಾಗ ಕನ್ನಡ ಸಾಲಿಯಲ್ಲಿ ಕಲಿತ ಹುಡುಗ ಇತ್ತ ಮರಾಠಿಗೂ ಸಲ್ಲದೆ, ಅತ್ತ ಕರ್ನಾಟಕಕ್ಕೂ ಸಲ್ಲದೆ ಉಳಿಯುತ್ತಾನೆಂಬ ಅಂಜಿಕೆ ಪಾಲಕರಲ್ಲಿ ಬೇರೂರಿದೆ. ಕನ್ನಡ ಸಾಲಿಗಳ ಪಟ ಇಳಿಯಲು ಇದೂ ಒಂದು ಕಾರಣ.

ಈ ಅಂಜಿಕೆಗೆ ಈಗ ಮೊದಲಿನಷ್ಟು ಆಧಾರವಿಲ್ಲ. ರೈಲ್ವೆ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ನಿರ್ಧಾರ 2019ರಲ್ಲಿ ಆಯಿತು. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ 2023ರಲ್ಲಿ ಎಂ.ಟಿ.ಎಸ್. ಪರೀಕ್ಷೆಗೂ, 2024ರಿಂದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಗೂ ಇದೇ ಸೌಲಭ್ಯ ಕೊಟ್ಟಿತು. ಇವೆರಡಕ್ಕೂ ಹತ್ತನೆಯ ತರಗತಿ ಪಾಸಾದರೆ ಸಾಕು.

ಸ್ಟೇಟ್ ಬ್ಯಾಂಕಿನ ಗುಮಾಸ್ತ ಹುದ್ದೆಗೆ ಅರ್ಜಿ ಹಾಕುವವರಿಗೆ ಆಯಾ ರಾಜ್ಯದ ಭಾಷೆ ಬರಬೇಕು. ಹತ್ತನೆಯ ಇಲ್ಲವೆ ಹನ್ನೆರಡನೆಯ ತರಗತಿಯಲ್ಲಿ ಆ ಭಾಷೆ ಓದಿದ ದಾಖಲೆಯಿದ್ದರೆ ಪ್ರತ್ಯೇಕ ಭಾಷಾ ಪರೀಕ್ಷೆಯಿಲ್ಲ. ಕನ್ನಡ, ಮರಾಠಿ ಎರಡೂ ಅಂಕಪಟ್ಟಿಯಲ್ಲಿದ್ದ ನಮ್ಮ ಹುಡುಗನಿಗೆ ಮಹಾರಾಷ್ಟ್ರಕ್ಕೆ ಹಾಕಲೋ ಕರ್ನಾಟಕಕ್ಕೆ ಹಾಕಲೋ ಎಂಬ ಆಯ್ಕೆ ಇದೆ. ಪುಣೆಯ ಹುಡುಗನಿಗಾಗಲಿ ಮೈಸೂರಿನ ಹುಡುಗನಿಗಾಗಲಿ ಈ ಅನುಕೂಲ ಸಾಮಾನ್ಯವಾಗಿ ಇರದು. ಕರ್ನಾಟಕದ ಸಿಇಟಿಯಲ್ಲೂ ಈ ಮೂರು ತಾಲೂಕುಗಳ ಕನ್ನಡಿಗರಿಗೆ ಗಡಿನಾಡು ಕನ್ನಡಿಗರೆಂಬ ಅವಕಾಶವಿದೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು.

ಹಾಗಾದರೆ ಎಡವುವುದೆಲ್ಲಿ? ಪ್ರಕಟಣೆ ಬಂದದ್ದು ತಾರೀಖು ಮುಗಿದ ಮೇಲೆ ಗೊತ್ತಾಗುತ್ತದೆ. ಸಾಲಿ ದಾಖಲೆಯಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಮರಾಠಿ ಧಾಟಿಯ ಇನ್ನೊಂದು ಹೆಸರು, ಆಧಾರಿನಲ್ಲಿ ಮೂರನೆಯದು. ಪರೀಕ್ಷೆ ಪಾಸಾದವನೂ ಕಾಗದಪತ್ರ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾನೆ. ಲೆಕ್ಕ, ತರ್ಕ, ಇಂಗ್ಲಿಷಿನ ಅಭ್ಯಾಸವಂತೂ ಡಿಗ್ರಿ ಮುಗಿದ ಮೇಲೆಯೇ ಶುರು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತಾಗಿದೆ ನಮ್ಮ ಸ್ಥಿತಿ.

ತಯಾರಿ ಒಂಬತ್ತನೆಯ ತರಗತಿಯಿಂದಲೇ ಆಗಬೇಕು. ರವಿವಾರಕ್ಕೆ ಎರಡು ತಾಸು ಸಾಲಿಯ ಕೋಣೆಯೋ ಮಠದ ಪಡಸಾಲೆಯೋ ಸಿಕ್ಕರೆ ಸಾಕು. ನಿವೃತ್ತ ಮಾಸ್ತರರು, ಬ್ಯಾಂಕು ರೈಲ್ವೆಗಳಲ್ಲಿ ದುಡಿದು ಬಂದವರು ಪಾಠ ಹೇಳಲಿ. ಮಕ್ಕಳ ಹೆಸರು, ಜನ್ಮ ತಾರೀಖು ಎಲ್ಲ ಕಾಗದದಲ್ಲೂ ಒಂದೇ ಆಗಿವೆಯೇ ಎಂದು ಪಾಲಕರು ಇಂದೇ ನೋಡಲಿ. ಎಲ್ಲರಿಗೂ ಸರಕಾರಿ ನೌಕರಿ ಸಿಗದೆಂಬುದೂ ನಿಜ. ಐ.ಟಿ.ಐ. ಕಸುಬು ಕಲಿತವನು ಯಾರಿಗೂ ಕಡಿಮೆಯಲ್ಲ. ಸೋಲಾಪುರದ ಉಳ್ಳಾಗಡ್ಡಿ ಪೇಟೆಯಲ್ಲಿ ರೈತನೊಡನೆ ಕನ್ನಡ, ಖರೀದಿದಾರನೊಡನೆ ಮರಾಠಿ ಹಿಂದಿ ಆಡಿ ಲೆಕ್ಕ ಬರೆಯಬಲ್ಲ ಹುಡುಗನ ಬೆಲೆ ಅಡತಿ ವ್ಯಾಪಾರಸ್ಥರಿಗೆ ಗೊತ್ತು. ಅವರು ರಜೆಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯನ್ನು ಅಂಗಡಿಗೆ ಕರೆದು ಕಂಪ್ಯೂಟರ್ ಲೆಕ್ಕ, ಜಿ.ಎಸ್.ಟಿ. ಬಿಲ್ಲು ಕಲಿಸಿದರೆ ಅದೇ ದೊಡ್ಡ ದಾನ.

ಜತ್ತದ 40 ಹಳ್ಳಿಗಳ ಮಾತು 2022ರ ನವೆಂಬರದಲ್ಲಿ ಎದ್ದಾಗ ಎರಡೂ ರಾಜ್ಯಗಳ ಮುಖಂಡರು ಈ ಮಣ್ಣು ತಮ್ಮದೆಂದರು. ಮಣ್ಣಿನ ಮೇಲೆ ಇದ್ದ ಆಸ್ಥೆ ಅದರ ಮಕ್ಕಳ ಮೇಲೂ ಇರಬೇಕಲ್ಲವೇ? ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಪ್ರತಿ ತಾಲೂಕಿನಲ್ಲಿ ಒಂದಾದರೂ ಉಚಿತ ತರಬೇತಿ ಕೇಂದ್ರ ತೆರೆಯಲಿ. ಮಹಾರಾಷ್ಟ್ರ ಸರಕಾರವೂ ತನ್ನ ಕನ್ನಡ ಸಾಲಿಗಳಿಗೆ ಮಾರ್ಗದರ್ಶಕ ಶಿಕ್ಷಕರನ್ನು ಕೊಡಲಿ. ಅದು ಆಗುವತನಕ ನಾವು ಕೈಕಟ್ಟಿ ಕೂಡುವುದು ಬೇಡ. ಕನ್ನಡ ಸಾಲಿಯಲ್ಲಿ ಕಲಿತ ಹುಡುಗ ಪಗಾರ ತಂದು ತಾಯಿಯ ಕೈಗಿಟ್ಟ ದಿನ ಆ ಊರಿನ ಸಾಲಿಯ ಪಟ ತಾನಾಗಿಯೇ ಏರುತ್ತದೆ.